ಮಂಡಿ ಸವೆತ, ಸೊಂಟದ ಡಿಸ್ಕ್, ಬಿಗಿಯುವ ಬೆರಳು: ಯಾವ ಎಲೆಕ್ಟ್ರಿಕ್ ಕಾರು ಹೊಂದುತ್ತೆ?

ತುಂಗಾತೀರ:
ಓಡಿಸುವವರಿಗೆ 61 ವರ್ಷ, ಎತ್ತರ 5 ಅಡಿ 3 ಅಂಗುಲ. ಬಲ ಮಂಡಿ ಸವೆದಿದೆ, ಸೊಂಟದ ಎಲ್‌4–ಎಲ್‌5 ಡಿಸ್ಕ್ ಉಬ್ಬಿದೆ, ಬೆಳಗಿನ ಹೊತ್ತು ಬೆರಳ ಗಂಟು ಬಿಗಿದಿರುತ್ತೆ. ಶಿವಮೊಗ್ಗ ಊರೊಳಗೆ ದಿನಕ್ಕೆ 25 ಕಿ.ಮೀ., ಆಗೊಮ್ಮೆ ಈಗೊಮ್ಮೆ ತೀರ್ಥಹಳ್ಳಿ. ಚಾರ್ಜಿಂಗ್ ಮನೆಯಲ್ಲೇ. ಟಾಟಾದ ಪಂಚ್ ಇವಿ, ನೆಕ್ಸಾನ್ ಇವಿ, ಎಂಜಿಯ ವಿಂಡ್ಸರ್, ಈ ಮೂರು ಎಲೆಕ್ಟ್ರಿಕ್ ಕಾರು (ಇವಿ) ಪಟ್ಟಿಯಲ್ಲಿವೆ. ರೇಂಜಿನ ಚಿಂತೆಯಿಲ್ಲ. ಒಂದೇ ಪೆಡಲ್ಲಿನಲ್ಲಿ ಓಡಿಸಬಹುದು ಅಂತಾರಲ್ಲ, ಮಂಡಿಗೆ ಅದು ನಿಜಕ್ಕೂ ಒಳ್ಳೇದಾ? ಶೋರೂಮಲ್ಲಿ ಏನು ನೋಡಬೇಕು?

ಅಳತೆಪಟ್ಟಿ:
ಬ್ರೋಷರ್ ಪಕ್ಕಕ್ಕಿಡಿ, ಅಳತೆ ಟೇಪು ಹಿಡ್ಕೊಂಡು ಹೋಗಿ. ಅವರು ಕೈಯೂರದೆ ಏಳಬಲ್ಲ ಕುರ್ಚಿ ಮನೆಯಲ್ಲಿ ಯಾವುದಿದೆ ನೋಡಿ, ಅದರ ಎತ್ತರ ಬರೆದಿಟ್ಟುಕೊಳ್ಳಿ. ಕಾರಿನ ಸೀಟು, ಅವರು ಕೂತು ಅದುಮಿದ ಮೇಲೆ, ನೆಲದಿಂದ ಅದಕ್ಕಿಂತ 5ರಿಂದ 15 ಸೆಂ.ಮೀ. ಮೇಲಿದ್ದರೆ ಸರಿ. ಅದಕ್ಕಿಂತ ಕೆಳಗಿದ್ದರೆ ಇಳಿಯುವಾಗ ಪೂರ್ತಿ ಭಾರ ಮಂಡಿ ಮೇಲೆ ಬೀಳುತ್ತೆ. ತೀರಾ ಎತ್ತರವಾದರೆ ಒಂದು ಕಾಲಲ್ಲಿ ನಿಂತು ಹತ್ತಬೇಕು, ಅದೂ ಮಂಡಿಗೇ ಪೆಟ್ಟು. ಎಸ್‌ಯುವಿ ಅಂದಾಕ್ಷಣ ಹತ್ತೋದು ಸುಲಭ ಅಂತ ನಂಬಬೇಡಿ.

ಮುಂದಿನ ಅಳತೆ ಬಾಗಿಲ ಹೊಸ್ತಿಲಿನದು. ಹೊರ ಅಂಚಿನಿಂದ ಸೀಟಿನ ಅಂಚಿಗೆ ಎಷ್ಟು ಅಗಲ ಇದೆಯೋ ಅಷ್ಟು ಸೊಂಟ ತಿರುಚಬೇಕಾಗುತ್ತೆ. ಡಿಸ್ಕ್ ಇದ್ದವರು ಕಾರಿಗೆ ಬೆನ್ನು ಹಾಕಿ ಮೊದಲು ಕೂತು, ಆಮೇಲೆ ಎರಡೂ ಕಾಲು ಒಟ್ಟಿಗೆ ಒಳಗೆ ತಗೋಬೇಕು. ಸೀಟಿನ ಪಕ್ಕದ ಉಬ್ಬು ಗಟ್ಟಿಯಾಗಿದ್ದರೆ ಹೀಗೆ ಜಾರೋಕೆ ಆಗೋದೇ ಇಲ್ಲ. ಪಂಚ್‌ನ ಬಾಗಿಲು ಸುಮಾರು 90 ಡಿಗ್ರಿ ತೆರೆಯುತ್ತೆ, ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಆದರೆ ಮನೆಯ ಪಾರ್ಕಿಂಗಲ್ಲಿ ಗೋಡೆಗೂ ಕಾರಿಗೂ ನಡುವೆ ಎರಡಡಿ ಮಾತ್ರ ಇದ್ದರೆ ಆ 90 ಡಿಗ್ರಿ ಕಟ್ಕೊಂಡು ಏನು ಮಾಡ್ತೀರಿ!

ಒಳಗೆ ಕೂತ ಮೇಲೆ ಬ್ರೇಕನ್ನು ಕೊನೆವರೆಗೂ ಒತ್ತಿಸಿ. ಆಗಲೂ ಮಂಡಿ ಸ್ವಲ್ಪ ಮಡಚಿರಬೇಕು, ಸೊಂಟ ಮಂಡಿಗಿಂತ ತುಸು ಮೇಲಿರಬೇಕು, ಸ್ಟಿಯರಿಂಗ್ ಮಧ್ಯಕ್ಕೂ ಎದೆಗೂ ಕನಿಷ್ಠ 25 ಸೆಂ.ಮೀ. ಅಂತರ ಬೇಕು. 5 ಅಡಿ 3ರವರು ಪೆಡಲ್ ಎಟುಕಲಿ ಅಂತ ಸೀಟು ಮುಂದೆ ಎಳೆದಾಗ ತಪ್ಪೋದು ಈ ಕೊನೆಯ ಅಂತರವೇ. ಸೀಟಿನ ಎತ್ತರ ಮತ್ತು ಸ್ಟಿಯರಿಂಗ್ ಹಿಂದೆ-ಮುಂದೆ, ಎರಡೂ ಹೊಂದಿಸಲು ಬರುವ ವೇರಿಯಂಟ್ ಸಿಕ್ಕರೆ ಸನ್‌ರೂಫ್ ಬಿಟ್ಟುಕೊಡಿ.

ಬ್ಯಾಟರಿ ಭಾರಕ್ಕೆ ಸಸ್ಪೆನ್ಶನ್ ಗಟ್ಟಿ ಮಾಡಿರ್ತಾರೆ, ಟೈರಿನ ಗೋಡೆ ತೆಳುವಾದಷ್ಟೂ ಏಟು ನೇರ ಸೊಂಟಕ್ಕೆ. ಟೈರಿನ ಮೇಲೆ 215/60 ಆರ್16 ಅಂತ ಇದ್ದರೆ ಅಗಲ 215 ಮಿ.ಮೀ., ಗೋಡೆ ಅದರ ಶೇ. 60, ಅಂದರೆ 129 ಮಿ.ಮೀ. ಅಂದಕ್ಕೆ ಅಂತ ದೊಡ್ಡ ಅಲಾಯ್ ಚಕ್ರ ಹಾಕಿಸಿ ಇದನ್ನು ಕಳ್ಕೋಬೇಡಿ. ಟೆಸ್ಟ್ ಡ್ರೈವ್ ಹತ್ತು ನಿಮಿಷ ಸಾಲದು, ಡಿಸ್ಕ್ ನೋವು ಅರ್ಧ ಗಂಟೆ ದಾಟಿದ ಮೇಲೂ ಕಾಣಿಸಬಹುದು. ಹಾಳು ರಸ್ತೆಯಲ್ಲಿ 45 ನಿಮಿಷ ಕೇಳಿ.

ಹಿಮ್ಮುಖ ಕರೆಂಟು:
ಒಂದು ಪೆಡಲ್ ವಿಚಾರ. ಊರೊಳಗೆ ಒಳ್ಳೇದು, ಹೆದ್ದಾರಿಯಲ್ಲಿ ಅಲ್ಲ. ಟ್ರಾಫಿಕ್ಕಲ್ಲಿ ಪಾದವನ್ನು ಬ್ರೇಕಿಗೆ ಎತ್ತಿಡೋದು ತಪ್ಪುತ್ತೆ, ಮಂಡಿಗೆ ಆರಾಮ. ಆದರೆ ರೀಜನ್ (ಪಾದ ಎತ್ತಿದಾಗ ಮೋಟಾರೇ ಕಾರನ್ನು ನಿಧಾನಿಸಿ, ಕರೆಂಟನ್ನು ಬ್ಯಾಟರಿಗೆ ವಾಪಸ್ ಕಳಿಸೋದು) ಜಾಸ್ತಿ ಇಟ್ಟರೆ ಕಾರು ತಾನಾಗಿ ಉರುಳಲ್ಲ, ಪಾದವನ್ನು ಅರ್ಧ ಒತ್ತಿದ ಭಂಗಿಯಲ್ಲೇ ಹಿಡಿದಿರಬೇಕು. ಮೀನಖಂಡ, ಮಂಡಿಯ ಮುಂಭಾಗ ಎರಡೂ ಬಿಗಿಯುತ್ತವೆ. ತೀರ್ಥಹಳ್ಳಿ ಕಡೆ ಹೊರಟಾಗ ರೀಜನ್ ಮಟ್ಟವನ್ನು 0 ಅಥವಾ 1ಕ್ಕೆ ಇಳಿಸಿ. ನೆಕ್ಸಾನ್ ಇವಿಯಲ್ಲಿ ಸ್ಟಿಯರಿಂಗ್ ಹಿಂದಿನ ಪ್ಯಾಡಲ್‌ನಿಂದ 0ರಿಂದ 3ರವರೆಗೆ ಬದಲಿಸಬಹುದು. ಜೊತೆಗೆ ಪಾದ ಒತ್ತದೆಯೇ ಒಂದೇ ವೇಗ ಕಾಯುವ ಕ್ರೂಸ್ ಕಂಟ್ರೋಲ್ ಇರಲಿ.

ಎಲ್ಲ ಕಾರೂ ರೀಜನ್‌ನಲ್ಲೇ ಪೂರ್ತಿ ನಿಲ್ಲಲ್ಲ. ಹ್ಯುಂಡೈನ ಕ್ರೆಟಾ ಎಲೆಕ್ಟ್ರಿಕ್‌ನಲ್ಲಿರುವ ಐ-ಪೆಡಲ್ ಅನ್ನೋ ಒಂದೇ ಪೆಡಲ್ ವ್ಯವಸ್ಥೆ ನಿಲ್ಲಿಸುತ್ತೆ. ಕೊನೆಗೆ ಬ್ರೇಕ್ ಬೇಕಾಗುವ ಕಾರಾದರೆ ಆಟೋ ಹೋಲ್ಡ್ (ನಿಂತ ಮೇಲೆ ಕಾಲು ತೆಗೆದರೂ ಬ್ರೇಕ್ ಹಿಡಿದಿಡುವ ಸೌಲಭ್ಯ) ಇರುವ ವೇರಿಯಂಟೇ ತಗೊಳ್ಳಿ, ಸಿಗ್ನಲ್ಲಲ್ಲಿ ಕಾಲಿಗೆ ಬಿಡುವು.

ಜನ ಎಡವೋದು ಇಲ್ಲಿ: ಬ್ಯಾಟರಿ 100% ತುಂಬಿದ್ದಾಗ ವಾಪಸ್ ಬಂದ ಕರೆಂಟಿಗೆ ಜಾಗ ಇರಲ್ಲ, ರೀಜನ್ ಹಿಡಿತ ಕಡಿಮೆಯಾಗುತ್ತೆ. ನಿನ್ನೆ ಪಾದ ಎತ್ತಿದರೆ ನಿಲ್ಲುತ್ತಿದ್ದ ಕಾರು ಇವತ್ತು ಬೆಳಿಗ್ಗೆ ಉರುಳುತ್ತೆ. ದಿನನಿತ್ಯಕ್ಕೆ 80%ಗೆ ನಿಲ್ಲಿಸಿ. ಮಂಡಿ ನೋವು ಜೋರಾಗಿರುವ ದಿನವೂ ಬ್ರೇಕನ್ನು ದಿಢೀರನೆ ಜೋರಾಗಿ ಒತ್ತೋಕೆ ಆಗುತ್ತಾ ಅಂತ ಖಾಲಿ ಜಾಗದಲ್ಲಿ ನೋಡಿ. ಆಗದಿದ್ದರೆ ಆವತ್ತು ಕೀಲಿ ಬೇರೆಯವರ ಕೈಗೆ.

ಪ್ಲಗ್ಗಪ್ಪ:
ಬೆರಳಿನ ಮಾತು. ವಿಂಡ್ಸರ್‌ನಲ್ಲಿ ಎಸಿಗೂ ಪರದೆಯನ್ನೇ ಮುಟ್ಟಬೇಕು. ಬಿಗಿದ ಬೆರಳಿಗಿಂತ ಕಣ್ಣಿಗೆ ಕೆಲಸ ಜಾಸ್ತಿ, ಧ್ವನಿ ಆಜ್ಞೆ ಕನ್ನಡದ ಉಚ್ಚಾರಣೆಗೆ ಬಗ್ಗುತ್ತಾ ಅಂತ ಅಲ್ಲೇ ಪರೀಕ್ಷಿಸಿ. ಬಾಗಿಲಿಗೆ ಅಂಟಿದಂತಿರುವ ಹಿಡಿಕೆಗಿಂತ ನಾಲ್ಕೂ ಬೆರಳು ತೂರುವ ಹಳೇ ಹಿಡಿಕೆ ವಾಸಿ.

ಮನೆಗೆ ಕೇಬಲ್ ಕಾಯಂ ಜೋಡಿಸಿರುವ 7.2 ಕಿಲೋವ್ಯಾಟ್ ಗೋಡೆ ಚಾರ್ಜರ್ ಹಾಕಿಸಿ, ಗನ್ (ಕಾರಿಗೆ ಚುಚ್ಚುವ ಕೇಬಲ್ ತುದಿ) ತೂಗುವ ಕೊಕ್ಕೆ ಸೊಂಟದ ಮಟ್ಟಕ್ಕಿರಲಿ. ಕಾರು 3.3 ಕಿಲೋವ್ಯಾಟ್ ಮಾತ್ರ ತಗೊಳ್ಳುವ ವೇರಿಯಂಟಾದರೂ ಇದರಿಂದ ತೊಂದರೆಯಿಲ್ಲ. ನೆಲದಲ್ಲಿ ಸುತ್ತಿಟ್ಟ ಪೋರ್ಟಬಲ್ ಕೇಬಲ್ಲಿಗೆ ದಿನಾ ಬಗ್ಗೋದು ಸೊಂಟಕ್ಕೆ ಆಗಲ್ಲ. ಪಂಚ್ ಇವಿಗೆ ಚಾರ್ಜಿಂಗ್ ಪೋರ್ಟ್ ಮೂತಿಯಲ್ಲಿ, ನೆಕ್ಸಾನ್‌ಗೆ ಹಿಂಭಾಗದ ಪಕ್ಕದಲ್ಲಿ. ಅದನ್ನು ನೋಡ್ಕೊಂಡು ಗೋಡೆ ಆರಿಸಿ. ಗನ್ ಬರದಿದ್ದರೆ ಜಗ್ಗಬೇಡಿ. ಲಾಕ್ ಆಗಿರುತ್ತೆ, ಕೀಲಿಯಲ್ಲಿ ಅನ್‌ಲಾಕ್ ಮಾಡಿ ನೇರಕ್ಕೆ ಎಳೆಯಿರಿ. ಹೊರಗಿನ ಸ್ಟೇಷನ್‌ಗಳ ವೇಗದ (ಡಿಸಿ) ಚಾರ್ಜರಿನ ಕೇಬಲ್ ದಪ್ಪ, ಭಾರ. ಸಹಾಯಕರಿರುವ ಸ್ಟೇಷನ್ನೇ ಹುಡುಕಿ.

ಎಡಗಾಲು:
ನಡುವೆ ಒಂದು ಪ್ರಶ್ನೆ. ಪೋಲಿಯೊದಿಂದ ಬಲಗಾಲು ಪೂರ್ತಿ ದುರ್ಬಲ ಇದ್ದವರಿಗೆ ಇವಿಯಲ್ಲಿ ಏನು ದಾರಿ?

ಅಳತೆಪಟ್ಟಿ:
ಕ್ಲಚ್ ಇಲ್ಲದ್ದರಿಂದ ಅರ್ಧ ಕೆಲಸ ಆಗಲೇ ಮುಗಿದಿದೆ. ಎಡಗಾಲು ಗಟ್ಟಿಯಿದ್ದರೆ ಬ್ರೇಕಿನ ಎಡಕ್ಕೆ ಬರುವ ಆಕ್ಸಿಲರೇಟರ್, ಬಲದ್ದಕ್ಕೆ ತಡೆಹಲಗೆ. ಎರಡೂ ಕಾಲು ಆಗದಿದ್ದರೆ ಕೈ ಲಿವರ್, ತಳ್ಳಿದರೆ ಬ್ರೇಕ್, ಎಳೆದರೆ ವೇಗ. ತಳ್ಳಿದಾಗ ಬ್ರೇಕ್ ಪೂರ್ತಿ ಕೆಳಗೆ ಹೋಗುವ ಮೊದಲೇ ಲಿವರ್ ತೊಡೆಗೆ ತಾಗಬಾರದು. ಒಂದೇ ಕೈಯಲ್ಲಿ ತಿರುಗಿಸಲು ಹಾಕುವ ಸ್ಟಿಯರಿಂಗ್ ಗುಬುಟು ಏರ್‌ಬ್ಯಾಗ್ ಮುಚ್ಚಳದ ಮೇಲೆ ಬರಬಾರದು.

ಪೆಡಲ್ಲಿಗೆ ಕ್ಲ್ಯಾಂಪ್ ಹಾಕುವ ಯಾಂತ್ರಿಕ ಕಿಟ್ ಸುರಕ್ಷಿತ. ವೈರ್ ಕತ್ತರಿಸುವ ಕಿಟ್ ಬೇಡ: ಆಕ್ಸಿಲರೇಟರ್‌ನಿಂದ ಎರಡು ಸೆನ್ಸರ್ ಸಂಕೇತ ಹೋಗುತ್ತವೆ, ಅವು ಒಂದಕ್ಕೊಂದು ತಾಳೆಯಾಗದಿದ್ದರೆ ಕಾರು ಶಕ್ತಿ ಕಡಿತಗೊಳಿಸುತ್ತೆ, ವಾರಂಟಿಯ ಜಗಳ ಬೇರೆ. ಕಿಟ್ ಹಾಕಿಸುವ ಮೊದಲೇ ಡೀಲರ್ ಹತ್ತಿರ ಬರೆಸಿಕೊಳ್ಳಿ.

ಹಾಕಿಸಿದ ಮೇಲೆ ಆರ್‌ಟಿಒ ತಪಾಸಣೆ, ಆರ್‌ಸಿಯಲ್ಲಿ ಬದಲಾವಣೆ ನಮೂದಾಗಲೇಬೇಕು. ಇಲ್ಲದಿದ್ದರೆ ಅಪಘಾತವಾದಾಗ ವಿಮೆಯವರು ಅದನ್ನೇ ಹಿಡೀತಾರೆ. 2020ರಿಂದ ನೋಂದಣಿಯ ಫಾರ್ಮ್ 20ರಲ್ಲಿ ಮಾಲೀಕತ್ವದ ಕಡೆ ದಿವ್ಯಾಂಗಜನ ಅಂತ ಗುರುತಿಸೋ ಅವಕಾಶ ಇದೆ, ಮರೀಬೇಡಿ. ಜಿಎಸ್‌ಟಿ ರಿಯಾಯಿತಿ ಪ್ರಮಾಣಪತ್ರಕ್ಕೆ ಅಲೆಯೋದು ಬೇಡ, ಇವಿಗೆ ಎಲ್ಲರಿಗೂ 5% ಮಾತ್ರ.

ತುಂಗಾತೀರ:
ಮನೆ ಕುರ್ಚಿ 47 ಸೆಂ.ಮೀ. ಪಾರ್ಕಿಂಗಲ್ಲಿ ಬಲಕ್ಕೆ ಮೂರಡಿ ಜಾಗ. ಎಸಿಗೂ ಪರದೆ ಮುಟ್ಟಬೇಕು ಅಂದರೆ ವಿಂಡ್ಸರ್ ಪಟ್ಟಿಯಿಂದ ಹೊರಗೆ. ಶನಿವಾರ ಪಂಚ್, ನೆಕ್ಸಾನ್ ಎರಡಕ್ಕೂ ಟೇಪು ಹಿಡೀತೀನಿ.