ಆಗಮನ ಕಾಲಕ್ಕೆ ಕ್ಯಾರಲ್, ಕೇಕ್ ಬಿಟ್ಟು ಬೇರೇನು ಮಾಡಬಹುದು?

ಕೌಲ್‌ಬಜಾರ್ ಹುಡುಗ

ಎಲ್ಲರಿಗೂ ನಮಸ್ಕಾರ. ನಾನು ಬಳ್ಳಾರಿಯವನು, ನಮ್ಮ ಚರ್ಚ್‌ನಲ್ಲಿ ಯುವಕರ ಗುಂಪು ನೋಡಿಕೊಳ್ಳುತ್ತೇನೆ. ಕ್ರಿಸ್ಮಸ್‌ಗೆ ಮುಂಚಿನ ನಾಲ್ಕು ಭಾನುವಾರ, ಅಂದರೆ ಆಗಮನ ಕಾಲ (ಅಡ್ವೆಂಟ್), ನಮ್ಮಲ್ಲಿ ಹೇಗೆ ಕಳೆಯುತ್ತದೆ ಅಂತ ನಿಮಗೂ ಗೊತ್ತಿರಬೇಕು. ಮೊದಲು ಕ್ಯಾರಲ್ ಪ್ರಾಕ್ಟೀಸ್, ಆಮೇಲೆ ಯಾವ ಓಣಿಗೆ ಯಾವತ್ತು ಹೋಗಬೇಕು ಅನ್ನೋ ಜಗಳ, ಆಮೇಲೆ ಡ್ರಮ್ ಬಾರಿಸಿಕೊಂಡು ರಾತ್ರಿಯೆಲ್ಲ ಸುತ್ತಾಟ, ಕೊನೆಗೆ ಗೋದಲಿಗೆ ಸೀರಿಯಲ್ ಲೈಟ್. ನನಗೂ ಅದೆಲ್ಲ ಇಷ್ಟಾನೇ, ಬೇಡ ಅಂತಿಲ್ಲ. ಆದರೆ ಈ ಸಲ ಹುಡುಗರೇ ಕೇಳಿದರು: ಕ್ರಿಸ್ಮಸ್ ಮಾಡುತ್ತೇವೆ, ಆಗಮನ ಕಾಲ ಮಾಡೋದು ಯಾವಾಗ?

ಪ್ರಾರ್ಥನೆ ಇರಲಿ, ಸ್ವಲ್ಪ ಓದು ಇರಲಿ, ಪ್ರಸಂಗದಲ್ಲಿ ಶಾಂತಿ ನ್ಯಾಯ ಅಂತ ಕೇಳುತ್ತೇವಲ್ಲ, ಅದಕ್ಕೆ ಕೈ ಹಚ್ಚೋ ಕೆಲಸ ಒಂದಾದರೂ ಇರಲಿ ಅಂತ ಆಸೆ. ಕಂಬಳಿ ಹಂಚಿ ಫೋಟೋ ತೆಗೆಸಿಕೊಳ್ಳೋದು ಬೇಡ. ಗುಂಪಿನಲ್ಲಿ ಅರ್ಧಕ್ಕರ್ಧ ಜನ ಜೀನ್ಸ್ ಹೊಲಿಯೋ ಯೂನಿಟ್‌ಗಳಿಗೆ ಹೋಗುವವರು, ಹಾಗಾಗಿ ಸಿಗೋದು ಭಾನುವಾರ ಸಂಜೆ ಮಾತ್ರ. ದುಡ್ಡೂ ಅಷ್ಟಕ್ಕಷ್ಟೇ. ಏನು ಮಾಡಬಹುದು ಹೇಳಿ.

ಸಿಂಧನೂರು ಅಕ್ಕ

ತಮ್ಮಾ, ಒಳ್ಳೆ ಪ್ರಶ್ನೆ. ಆಗಮನ ಕಾಲಕ್ಕೆ ಚರ್ಚ್‌ನಲ್ಲಿ ವಾರಕ್ಕೊಂದು ಬತ್ತಿ ಹಚ್ಚೋ ನಾಲ್ಕು ಮೇಣದಬತ್ತಿಯ ಚಕ್ರ ಇಡುತ್ತೀರಲ್ಲ, ಅಲ್ಲಿಂದಲೇ ಶುರು ಮಾಡಿ. ಅದು ಬಂದದ್ದು ಯಾವುದೋ ದೊಡ್ಡ ಕೆಥೆಡ್ರಲ್‌ನಿಂದ ಅಲ್ಲ. ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಯೋಹಾನ್ ವಿಖರ್ನ್ ಅಂತ ಒಬ್ಬ ಪಾಸ್ಟರ್ ಬಡ ಮಕ್ಕಳಿಗೆ ಆಶ್ರಯಮನೆ ನಡೆಸುತ್ತಿದ್ದರು. ಕ್ರಿಸ್ಮಸ್‌ಗೆ ಇನ್ನೆಷ್ಟು ದಿನ ಅಂತ ಮಕ್ಕಳು ದಿನಾ ಪೀಡಿಸುತ್ತಿದ್ದರಂತೆ. 1839ರಲ್ಲಿ ಅವರು ಹಳೇ ಬಂಡಿ ಗಾಲಿಯೊಂದಕ್ಕೆ ವಾರದ ದಿನಗಳಿಗೆ ಚಿಕ್ಕ ಕೆಂಪು ಬತ್ತಿ, ಭಾನುವಾರಗಳಿಗೆ ದೊಡ್ಡ ಬಿಳಿ ಬತ್ತಿ ನಿಲ್ಲಿಸಿದರು. ಈಗಿನ ನೇರಳೆ, ಗುಲಾಬಿ ಬಣ್ಣ ಎಲ್ಲ ಆಮೇಲೆ ಬಂದದ್ದು. ಈ ಕಥೆ ಹೇಳಿದರೆ ಹುಡುಗರಿಗೆ ಅರ್ಧ ಪಾಠ ಆದ ಹಾಗೆ.

ಓದಲಿಕ್ಕೆ ಜಾಸ್ತಿ ಬೇಡ. ಬೈಬಲಿನ ಯೆಶಾಯ 2, ಲೂಕ 1ರಲ್ಲಿ ಯೇಸುವಿನ ತಾಯಿ ಮರಿಯಳ ಹಾಡು, ಲೂಕ 3, ಇಷ್ಟು ಸಾಕು. ಮರಿಯಳ ಹಾಡನ್ನು ನಾವು ಜೋಗುಳದ ಹಾಗೆ ಮೆತ್ತಗೆ ಹಾಡಿಬಿಡುತ್ತೇವೆ, ಆದರೆ ಅದರಲ್ಲಿ ಇರೋದು ದೊರೆಗಳನ್ನು ಗದ್ದುಗೆಯಿಂದ ಕೆಳಗಿಳಿಸೋದು, ಹಸಿದವರ ಹೊಟ್ಟೆ ತುಂಬಿಸೋದು, ಉಳ್ಳವರನ್ನು ಬರಿಗೈಲಿ ಕಳಿಸೋದು! ನಿಧಾನಕ್ಕೆ ಓದಿಸಿ, ಮಾತು ತಾನಾಗೇ ಹೊರಡುತ್ತದೆ.

ಇನ್ನೊಂದು. ಡಿಸೆಂಬರ್ 6 ಬಾಬಾಸಾಹೇಬ್ ಅಂಬೇಡ್ಕರರು ತೀರಿಕೊಂಡ ದಿನ, ಪರಿನಿಬ್ಬಾಣ ದಿನ, ಡಿಸೆಂಬರ್ 10 ಮಾನವ ಹಕ್ಕುಗಳ ದಿನ, 1948ರಲ್ಲಿ ವಿಶ್ವಸಂಸ್ಥೆ ಹಕ್ಕುಗಳ ಘೋಷಣೆ ಒಪ್ಪಿದ ದಿನ. ಎರಡೂ ಪ್ರತಿ ವರ್ಷ ಆಗಮನ ಕಾಲದೊಳಗೇ ಬರುತ್ತವೆ. ನಮ್ಮ ಭಾಗದ ಸಭೆಗಳಲ್ಲಿ ಕೂರುವವರು ಬಹಳಷ್ಟು ದಲಿತರ ಮಕ್ಕಳೇ ಅಂತ ನಾನು ಹೇಳಬೇಕಾಗಿಲ್ಲ. ಆ ಎರಡು ದಿನ ಚರ್ಚ್ ಕ್ಯಾಲೆಂಡರ್‌ನಲ್ಲಿ ಖಾಲಿ ಇರೋದೇ ನನಗೆ ಅರ್ಥವಾಗದ ವಿಷಯ.

ರಾಯಚೂರು ಹಿರಿಯ

ಬೇಜಾರಾಗಬೇಡಿ, ನನ್ನದು ಸ್ವಲ್ಪ ಬೇರೆ ಮಾತು. ಆಗಮನ ಕಾಲ ಅಂದರೆ ಕಾಯುವ ಕಾಲ, ಪಶ್ಚಾತ್ತಾಪದ ಕಾಲ. ಯುವಕರನ್ನು ಸುಮ್ಮನೆ ಒಂದು ಗಂಟೆ ಕೂರಿಸಿ, ಮೊಬೈಲ್ ಬದಿಗಿಡಿಸಿ, ಪ್ರಾರ್ಥನೆ ಮಾಡಿಸೋದೇ ಈ ಕಾಲದಲ್ಲಿ ದೊಡ್ಡ ಕೆಲಸ. ಈಗ ಎಲ್ಲದಕ್ಕೂ ಒಂದು ಬ್ಯಾನರ್, ಒಂದು ಜಾಥಾ, ಒಂದು ಮನವಿ ಪತ್ರ. ಚರ್ಚು ಎನ್‌ಜಿಒ ಆಗೋದು ನನಗೆ ಬೇಕಿಲ್ಲ. ನ್ಯಾಯ ಮಾಡಲಿಕ್ಕೆ ಕೋರ್ಟಿದೆ, ಸರ್ಕಾರ ಇದೆ.

ಸಿಂಧನೂರು ಅಕ್ಕ

ಅಣ್ಣಾ, ಸುಮ್ಮನೆ ಕೂರೋದು ಬೇಕು ಅನ್ನೋದಕ್ಕೆ ನನ್ನ ಪೂರ್ತಿ ಒಪ್ಪಿಗೆ. ಬ್ಯಾನರ್ ನನಗೂ ಆಗಿಬರೋದಿಲ್ಲ. ಆದರೆ ಪಶ್ಚಾತ್ತಾಪ ಅಂತ ನೀವೇ ಅಂದಿರಲ್ಲ, ಲೂಕ 3 ತೆಗೆದು ನೋಡಿ. ಸ್ನಾನಿಕ ಯೋಹಾನನ ಹತ್ತಿರ ಜನ ಬಂದು, ನಾವೇನು ಮಾಡಬೇಕು ಅಂತ ಕೇಳುತ್ತಾರೆ. ಪ್ರಾರ್ಥನೆ ಮಾಡಿ ಹೋಗಿ ಅಂದನಾ? ಎರಡು ಅಂಗಿ ಇದ್ದವನು ಇಲ್ಲದವನಿಗೆ ಒಂದು ಕೊಡಲಿ ಅಂದ. ಸುಂಕದವರಿಗೆ, ನಿಗದಿಗಿಂತ ಜಾಸ್ತಿ ವಸೂಲಿ ಮಾಡಬೇಡಿ ಅಂದ. ಸಿಪಾಯಿಗಳಿಗೆ, ಹೆದರಿಸಿ ದುಡ್ಡು ಕೀಳಬೇಡಿ, ಸುಳ್ಳು ಕೇಸು ಹಾಕಬೇಡಿ, ನಿಮ್ಮ ಸಂಬಳದಲ್ಲಿ ತೃಪ್ತರಾಗಿರಿ ಅಂದ. ಒಬ್ಬೊಬ್ಬರಿಗೂ ಅವರವರ ಕಸುಬು ನೋಡಿ ಉತ್ತರ ಕೊಟ್ಟಿದ್ದಾನೆ. ಹಾಗಾದರೆ ಈಗ ನಮ್ಮಲ್ಲಿ ಯೂನಿಟ್ ನಡೆಸುವವರಿಗೆ, ಮೇಸ್ತ್ರಿಗಳಿಗೆ, ನಮ್ಮ ಚರ್ಚ್ ಕಮಿಟಿಗೆ ಏನನ್ನುತ್ತಿದ್ದ? ಕಮಿಟಿ ಅಂತ ಬೇಕಂತಲೇ ಹೇಳಿದೆ. ಚರ್ಚ್ ಗುಡಿಸುವ ಅಮ್ಮನಿಗೆ, ರಾತ್ರಿ ಕಾವಲಿನವರಿಗೆ ನಾವು ತಿಂಗಳಿಗೆ ಎಷ್ಟು ಕೊಡುತ್ತೇವೆ, ರಜೆ ಇದೆಯಾ, ಹುಷಾರಿಲ್ಲದಿದ್ದರೆ ಸಂಬಳ ಕತ್ತರಿಸುತ್ತೇವಾ? ನ್ಯಾಯದ ಕೆಲಸ ಇಲ್ಲಿಂದ ಶುರುವಾಗಲಿ, ಇದಕ್ಕೆ ಜಾಥಾನೂ ಬೇಡ.

ಗಂಗಾವತಿಯವ

ನಾನು ಕಟ್ಟಡ ಕಾರ್ಮಿಕರ ಜೊತೆ ಕೆಲಸ ಮಾಡುವವನು, ಚರ್ಚಿಗೆ ಹೋಗೋದು ಅಪರೂಪ. ಆದರೂ ಹೇಳುತ್ತೇನೆ.

ಕೋರ್ಟಿದೆ ಅಂದರಲ್ಲ ಹಿರಿಯರು. ನಮ್ಮ ತಾಲ್ಲೂಕಿನ ಮರಕುಂಬಿಯಲ್ಲಿ 2014ರಲ್ಲಿ ದಲಿತರ ಮನೆಗಳಿಗೆ ಬೆಂಕಿ ಇಟ್ಟರು. ಕ್ಷೌರದಂಗಡಿ, ಹೋಟೆಲಿಗೆ ಬಿಡದ ಜಗಳದ ಬೆನ್ನಿಗೆ ಆದದ್ದು. ಕೊಪ್ಪಳದ ಕೋರ್ಟು 98 ಜನರಿಗೆ ಜೀವಾವಧಿ ಶಿಕ್ಷೆ ಕೊಟ್ಟದ್ದು 2024ರ ಅಕ್ಟೋಬರ್‌ನಲ್ಲಿ. ಹತ್ತು ವರ್ಷ! ಅಷ್ಟು ದಿನ ಸಾಕ್ಷಿಗಳು ಅದೇ ಊರಲ್ಲಿ ಬಾಳಬೇಕಲ್ವಾ? ಕೋರ್ಟು ಇದ್ದರೂ ಪಕ್ಕದಲ್ಲಿ ನಿಲ್ಲುವವರು ಬೇಕು. ಕಾಯುವ ಕಾಲ ಅಂದಿರಲ್ಲ, ಕಾಯುತ್ತಿರುವವರ ಜೊತೆ ಕೂರೋದೂ ಅದರಲ್ಲೇ ಬರುತ್ತದೆ ಅಂತ ನನಗನಿಸುತ್ತದೆ.

ಈಗ ನೇರ ಕೆಲಸದ ಮಾತು. ನಮ್ಮ ಮೂರೂ ಜಿಲ್ಲೆಯಿಂದ ಜನ ಬೆಂಗಳೂರಿಗೆ ಗುಳೆ ಹೋಗುತ್ತಾರೆ, ಬಹುಪಾಲು ಕಟ್ಟಡ ಕೆಲಸಕ್ಕೆ. ಹಬ್ಬಕ್ಕೆ, ಸುಗ್ಗಿಗೆ ಊರಿಗೆ ಬಂದಾಗ ಅವರನ್ನು ಹಿಡಿಯಿರಿ. ಸರ್ಕಾರದ ಸವಲತ್ತು ಪಡೆಯಲು ಬೇಕಾದ ಕಟ್ಟಡ ಕಾರ್ಮಿಕರ ಮಂಡಳಿಯ ಕಾರ್ಡ್ ಇದೆಯಾ ಕೇಳಿ. ವಯಸ್ಸು 18ರಿಂದ 60ರೊಳಗೆ ಇರಬೇಕು, ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿರಬೇಕು. ಅರ್ಧ ಜನರ ಕಾರ್ಡು ನಿಂತುಹೋಗೋದು ಆಧಾರ್‌ನಲ್ಲಿ ಒಂದು ಹೆಸರು, ಪಾಸ್‌ಬುಕ್‌ನಲ್ಲಿ ಇನ್ನೊಂದು ಹೆಸರು ಇರೋದರಿಂದ. ನಿಮ್ಮ ಹುಡುಗರಿಗೆ ಮೊಬೈಲ್ ಬಳಸಲು ಬರುತ್ತದೆ, ಫಾರಂ ಓದಲು ಬರುತ್ತದೆ. ಇದಕ್ಕಿಂತ ಇನ್ನೇನು ಬೇಕು? ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಚರ್ಚ್ ಕಟ್ಟೆ ಮೇಲೆ ಒಂದು ಟೇಬಲ್ ಹಾಕಿ. ಯಾವ ಜಾತಿ, ಯಾವ ಧರ್ಮ ಅಂತ ಮಾತ್ರ ಕೇಳಬೇಡಿ, ಕೈಗೆ ಕರಪತ್ರನೂ ಇಡಬೇಡಿ. ಪ್ರಾರ್ಥನೆಗೆ ಕರೆಯಲಿಕ್ಕೇ ಫಾರಂ ತುಂಬಿದರು ಅಂತ ಒಬ್ಬ ಅಂದರೂ ಮುಗಿಯಿತು, ಮರುವಾರ ಯಾರೂ ಬರೋದಿಲ್ಲ.

ಕೂಲಿ ಕೊಡದ ತಂಟೆ, ಮನೆ ಜಗಳ ಇದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಕಳಿಸಿ, ಫೋನ್ 15100. ಹೆಣ್ಣುಮಕ್ಕಳಿಗೆ, ಎಸ್‌ಸಿ, ಎಸ್‌ಟಿಯವರಿಗೆ, ಕಾರ್ಮಿಕರಿಗೆ ವಕೀಲರು ಪುಕ್ಕಟೆ. ಹತ್ತಿ ಬಿಡಿಸಲು ಶಾಲೆ ಬಿಡಿಸಿ ಮಕ್ಕಳನ್ನು ಕರೆದೊಯ್ಯೋದು ಕಂಡರೆ ಮಕ್ಕಳ ಸಹಾಯವಾಣಿ 1098.

ಮುದಗಲ್ ಭಾಯ್

ಶಾಂತಿ ಅನ್ನೋ ಮಾತು ಯಾರೂ ಎತ್ತಲೇ ಇಲ್ಲ, ಎಲ್ಲ ನ್ಯಾಯದ ಕಡೆನೇ ಹೋದಿರಿ. ನಾನು ಮುಸ್ಲಿಂ. ನಮ್ಮೂರ ಮೊಹರಂ ನೋಡಿದವರಿಗೆ ಗೊತ್ತು, ಅಲಾಯಿ ಕುಣಿ, ಅಂದರೆ ಮೊಹರಂನ ಬೆಂಕಿ ಗುಂಡಿ, ಅದರ ಸುತ್ತ ಕುಣಿಯುವವರಲ್ಲಿ ಹಿಂದೂಗಳೇ ಜಾಸ್ತಿ. ಅದೇ ಊರಲ್ಲಿ ಶತಮಾನಗಳಿಂದ ಕಥೋಲಿಕರೂ ಇದ್ದಾರೆ. ಹಾಗಂತ ಎಲ್ಲ ತಾನಾಗೇ ಚೆನ್ನಾಗಿರುತ್ತದೆ ಅಂತಲ್ಲ, ವಾಟ್ಸಾಪಿನಲ್ಲಿ ಏನೇನು ಬರುತ್ತದೆ ನೋಡುತ್ತಿದ್ದೀರಲ್ಲ. ನಿಮ್ಮ ಹುಡುಗರು ಕ್ಯಾರಲ್‌ಗೆ ಬರೋ ಮುಂಚೆ ಒಂದು ಸಂಜೆ ಸುಮ್ನೆ ನಮ್ಮ ಓಣಿಗಳಿಗೆ ಬರಲಿ. ಡ್ರಮ್ ಬೇಡ, ಭಾಷಣ ಬೇಡ. ಚಹಾ ಕುಡಿದು, ಯಾರ ಮನೇಲಿ ಏನು ಕಷ್ಟ ಅಂತ ಕೇಳಿಕೊಂಡು ಹೋಗಲಿ. ಗಲಾಟೆ ಆದ ದಿನ ಫೋನ್ ಮಾಡಲಿಕ್ಕೆ ಎದುರು ಓಣಿಯ ನಾಲ್ಕು ಜನರ ನಂಬರ್ ಇರಬೇಕು. ನನಗೆ ಗೊತ್ತಿರೋ ಶಾಂತಿ ಸಮಿತಿ ಇಷ್ಟೇ.

ಕೌಲ್‌ಬಜಾರ್ ಹುಡುಗ

ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಗುಂಪಿನಲ್ಲಿ ಓದಿ ಹೇಳಿದೆ. ಲೂಕ 3ರ ಮಾತು ಬಂದಾಗ ಒಬ್ಬಳು ಕೈ ಚಾಚಿ ತೋರಿಸಿದಳು, ಉಗುರಿನ ಸಂದಿಯಲ್ಲೆಲ್ಲ ನೀಲಿ. ಅವಳು, ಅವಳ ಅಮ್ಮ ಮನೆಗೆ ಪ್ಯಾಂಟಿನ ಗಂಟು ತಂದು ದಾರ ಕತ್ತರಿಸುತ್ತಾರೆ, ಪೀಸ್ ಲೆಕ್ಕ. ಯೋಹಾನನನ್ನು ನಮ್ಮ ಓಣಿಗೆ ಕರೆಸಿ, ಪೀಸ್ ರೇಟ್ ಕೇಳೋಣ ಅಂದಳು. ಎಲ್ಲರೂ ನಕ್ಕರು, ಆದರೆ ಆಮೇಲೆ ಮಾತು ಅಲ್ಲೇ ನಿಂತಿತು. ರೇಟ್ ಯಾರು ನಿಗದಿ ಮಾಡುತ್ತಾರೆ, ಚೀಟಿ ಕೊಡುತ್ತಾರಾ, ಡ್ಯಾಮೇಜ್ ಅಂತ ಎಷ್ಟು ಹಿಡಿಯುತ್ತಾರೆ ಅಂತ ಬರೆದುಕೊಳ್ಳಲು ಶುರು ಮಾಡಿದ್ದೇವೆ. ನಮ್ಮ ಗುಂಪಿನವರದ್ದೇ ಮೊದಲು.

ಹಿರಿಯರ ಮಾತನ್ನೂ ಇಟ್ಟುಕೊಂಡಿದ್ದೇವೆ. ಪ್ರತಿ ಭಾನುವಾರ ಮೊದಲು ಅರ್ಧ ಗಂಟೆ ಬತ್ತಿ ಹಚ್ಚಿ ಸುಮ್ಮನೆ ಕೂರೋದು, ಆಮೇಲೆ ಓದು, ಆಮೇಲೆ ಟೇಬಲ್. ಗುಡಿಸುವ ಅಮ್ಮನ ಸಂಬಳದ ವಿಷಯ ಕಮಿಟಿ ಮುಂದೆ ಇಡುತ್ತೇವೆ, ಬೈಗುಳ ಬೀಳೋದು ಗ್ಯಾರಂಟಿ. ಗಂಗಾವತಿ ಅಣ್ಣಾ, ಒಂದು ಸಂಶಯ: 90 ದಿನ ಕೆಲಸ ಮಾಡಿದ್ದಾರೆ ಅನ್ನೋ ಪತ್ರಕ್ಕೆ ಮೇಸ್ತ್ರಿ ಸಹಿ ಹಾಕಲ್ಲ ಅಂದರೆ? ಮತ್ತೆ ಜೀನ್ಸ್‌ನವರಿಗೆ ಈ ಕಾರ್ಡ್ ಆಗುತ್ತಾ?

ಗಂಗಾವತಿಯವ

ಜೀನ್ಸ್‌ನವರಿಗೆ ಆಗಲ್ಲ, ಅದು ಕಟ್ಟಡ ಕೆಲಸದವರಿಗೆ ಮಾತ್ರ. ಪಿಎಫ್, ಇಎಸ್‌ಐ ಇಲ್ಲದವರಿಗೆ ಇ-ಶ್ರಮ್, ಅಂದರೆ ಅಸಂಘಟಿತ ಕಾರ್ಮಿಕರ ಸರ್ಕಾರಿ ನೋಂದಣಿ, ಮಾಡಿಸಿ. ಮೇಸ್ತ್ರಿ ಸಹಿ ಹಾಕದಿದ್ದರೆ ಕಾರ್ಮಿಕ ನಿರೀಕ್ಷಕರ ಕಚೇರಿಗೆ ಹೋಗಿ ಕೇಳಿ. ಸೈಬರ್ ಸೆಂಟರ್‌ನವರಿಗೆ ದುಡ್ಡು ಕೊಟ್ಟು ಸುಳ್ಳು ಪತ್ರ ಮಾತ್ರ ಮಾಡಿಸಬೇಡಿ, ಬೋಗಸ್ ಕಾರ್ಡ್ ತಪಾಸಣೆಯಲ್ಲಿ ನಿಜವಾದ ಕೂಲಿಯವರೇ ಸಿಕ್ಕಿಬೀಳುತ್ತಾರೆ. ಹೋಗೋವಾಗ ಇಬ್ಬರು ಹೋಗಿ, ಬೆಳಿಗ್ಗೆನೇ ಹೋಗಿ.