‘ಕ್ಷಾಮ’, ‘ಬರ’, ‘ಕೊರತೆ’: ಸಮಾಜವಾದಿ ದೇಶಗಳ ಚರಿತ್ರೆ ಬರೆಯುವಾಗ ಯಾವ ಪದ?

ಬಲ್ಲವರಲ್ಲಿ ಒಂದು ಕೇಳಿಕೆ. ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆ ಸೀಮೆಯ ನಮ್ಮ ಊರ ಗ್ರಂಥಾಲಯದಲ್ಲಿ ಈ ಮಳೆಗಾಲ ಒಂದು ವಿಚಾರಗೋಷ್ಠಿ ನಡೆಯುತ್ತಿದೆ. ಸಮಾಜವಾದಿ ದೇಶಗಳು ಜನರ ಹೊಟ್ಟೆಬಟ್ಟೆಗೆ ಏನು ಮಾಡಿದವು, ಅವರ ಮಾತಾಡುವ ಬಾಯಿಗೆ ಏನು ಮಾಡಿದವು ಎಂಬುದು ವಿಷಯ. ಮಾತು ಅರ್ಧ ಮಲಯಾಳ, ಅರ್ಧ ಕನ್ನಡ. ಅದನ್ನೆಲ್ಲ ಕನ್ನಡದ ಟಿಪ್ಪಣಿಯಾಗಿ ಇಳಿಸುವ ಹೊಣೆ ನನ್ನ ಪಾಲಿಗೆ ಬಂದಿದೆ. ಬೇರೆ ಕಡೆಗಳಲ್ಲಿ ಹೇಗೋ ದಾರಿ ಸಿಕ್ಕಿತು, ‘ಕ್ಷಾಮ’ ಎಂಬಲ್ಲಿ ಮಾತ್ರ ಲೇಖನಿ ನಿಂತುಬಿಟ್ಟಿದೆ.

ಆದದ್ದು ಇಷ್ಟು. ಮಲಯಾಳ ಮಾಧ್ಯಮದಲ್ಲಿ ಓದಿದ ಒಬ್ಬ ಹುಡುಗ, 1980ರ ದಶಕದ ಸೋವಿಯತ್ ಒಕ್ಕೂಟದಲ್ಲಿ ಸಾಬೂನಿಗೂ ಮಾಂಸಕ್ಕೂ ಕ್ಷಾಮ ಇತ್ತು ಎಂದ. ಕನ್ನಡ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದ ಹಿರಿಯರೊಬ್ಬರು ಸಿಡಿದೆದ್ದರು. ಗಗಾರಿನ್‌ನನ್ನು 1961ರಲ್ಲಿ ಬಾಹ್ಯಾಕಾಶಕ್ಕೆ ಕಳಿಸಿದ ದೇಶ ಅದು, ನಮ್ಮ ಭಿಲಾಯಿಗೆ ಉಕ್ಕಿನ ಕಾರ್ಖಾನೆ ಕಟ್ಟಿಕೊಟ್ಟ ದೇಶ, ಅಲ್ಲಿ 80ರ ದಶಕದಲ್ಲಿ ಯಾರು ಹಸಿವಿನಿಂದ ಸತ್ತರು, ಹೆಸರು ಹೇಳು ಎಂದು ಕೇಳಿದರು. ಇಬ್ಬರೂ ಸರಿಯೇ. ಹುಡುಗನ ‘ಕ್ಷಾಮ’ ಮಲಯಾಳದ್ದು. ಕುಡಿಯುವ ನೀರು ಸಾಲದಿದ್ದರೆ ‘ಕುಡಿವೆಳ್ಳ ಕ್ಷಾಮಂ’, ಅಕ್ಕಿ ಸಾಲದಿದ್ದರೆ ‘ಅರಿಕ್ಷಾಮಂ’. ಕರ್ನಾಟಕದ ನೌಕರರು ತುಟ್ಟಿಭತ್ಯೆ ಎನ್ನುವುದನ್ನು ಇಲ್ಲಿ ‘ಕ್ಷಾಮಬತ್ತ’ ಎನ್ನುತ್ತಾರೆ. ಹಿರಿಯರ ‘ಕ್ಷಾಮ’ ಕನ್ನಡದ್ದು. ಕನ್ನಡದ ಕಿವಿಗೆ ಕ್ಷಾಮ ಎಂದರೆ ಗಂಜಿಕೇಂದ್ರ, ಗುಳೆ, ಹೆಣ.

ಒಂದೇ ಸಂಸ್ಕೃತ ಪದ ಚಂದ್ರಗಿರಿ ಹೊಳೆಯ ಎರಡು ದಡದಲ್ಲಿ ಎರಡು ತೂಕ ಪಡೆದಿದೆ ಎಂದು ಹೇಳಿ ಮುಗಿಸುವ ವಿಚಾರ ಇದಲ್ಲ. ನಮ್ಮ ಚರ್ಚೆಗೆ ಈ ಎರಡೂ ಅರ್ಥ ಬೇರೆಬೇರೆಯಾಗಿ ಬೇಕು, ಯಾಕೆಂದರೆ ಸೋವಿಯತ್ ಚರಿತ್ರೆಯಲ್ಲಿ ಎರಡೂ ನಡೆದಿವೆ. 1932–33ರಲ್ಲಿ ಉಕ್ರೇನ್, ಕಜಾಕಸ್ತಾನ, ಕುಬಾನ್, ವೋಲ್ಗಾ ಪ್ರದೇಶಗಳಲ್ಲಿ ಆದದ್ದು ಕನ್ನಡದ ಕ್ಷಾಮ. ಸತ್ತವರು 50 ಲಕ್ಷಕ್ಕೂ ಮೇಲೆ ಎನ್ನುತ್ತಾರೆ ಬಹುತೇಕ ಇತಿಹಾಸಕಾರರು. 70–80ರ ದಶಕದಲ್ಲಿ ಅಂಗಡಿಗಳ ಮುಂದೆ ಸಾಲು ನಿಲ್ಲಿಸಿದ್ದು ಮಲಯಾಳದ ಕ್ಷಾಮಂ. ಹಂಗೇರಿಯ ಅರ್ಥಶಾಸ್ತ್ರಜ್ಞ ಯಾನೋಷ್ ಕೊರ್ನಾಯ್ 1980ರಲ್ಲಿ ಇದರ ಒಳಗುಟ್ಟು ಬಿಡಿಸಿದ್ದಾರೆ. ಕಾರ್ಖಾನೆ ನಷ್ಟ ಮಾಡಿದರೂ ಸರಕಾರ ತುಂಬಿಕೊಡುತ್ತದೆ, ಮುಚ್ಚುವ ಭಯ ಇಲ್ಲ. ಹಾಗಾಗಿ ಬೇಕಿರಲಿ ಬೇಡದಿರಲಿ, ಸಿಕ್ಕ ಉಕ್ಕು, ಸಿಕ್ಕ ಮರ, ಸಿಕ್ಕ ಕೂಲಿಯನ್ನೆಲ್ಲ ವ್ಯವಸ್ಥಾಪಕ ಎಳೆದು ಗೋದಾಮಿಗೆ ತುಂಬಿಕೊಳ್ಳುತ್ತಾನೆ. ಎಲ್ಲರೂ ಹಾಗೆ ಮಾಡಿದಾಗ ಎಷ್ಟು ತಯಾರಿಸಿದರೂ ಸಾಲದು. ಇದಕ್ಕೆ ನಾನು ‘ಕೊರತೆಯ ಅರ್ಥವ್ಯವಸ್ಥೆ’ ಎಂದು ಬರೆದಿದ್ದೇನೆ. ‘ಅಭಾವ’ ಎಂದರೂ ನಡೆದೀತು, ಆದರೆ ಅಭಾವದಲ್ಲಿ ಇಲ್ಲವೇ ಇಲ್ಲ ಎಂಬ ಧ್ವನಿ ಇದೆ. ಕೊರತೆಯಲ್ಲಿ ಇದೆ, ಸಾಲದು ಎಂಬ ಅರ್ಥ ಬರುತ್ತದೆ. ಈ ಭಾಗ ನನಗೆ ಇತ್ಯರ್ಥವಾದ ಹಾಗೆ.

ತೊಡಕು ಇರುವುದು 1932–33ರಲ್ಲಿ. ಮಾಸ್ಕೋದಲ್ಲಿ ಕನ್ನಡದಲ್ಲೇ ಅಚ್ಚಾಗಿ ಬರುತ್ತಿದ್ದ ಅಗ್ಗದ ಪುಸ್ತಕಗಳನ್ನು ಓದಿ ಬೆಳೆದವರು ನಾವು, ನಮ್ಮ ನಾಲಿಗೆಗೆ ಬರುವುದು ‘ಬರಗಾಲ’. ಬರ ಎಂದರೆ ಇಂದಿನ ಪತ್ರಿಕೆಯ ಕನ್ನಡದಲ್ಲಿ ಮಳೆ ಕೈಕೊಟ್ಟದ್ದು, ‘ಬರಪೀಡಿತ ತಾಲ್ಲೂಕು’ ಎಂದು ಸರಕಾರ ಸಾರುವಂಥದ್ದು. ಹಾಗೆ ಬರೆದೊಡನೆ ತಪ್ಪೆಲ್ಲ ಮುಗಿಲ ಮೇಲೆ ಹೋಗುತ್ತದೆ. ಆ ವರ್ಷ ಬೆಳೆ ಕಮ್ಮಿಯಾಗಿತ್ತು, ನಿಜ. ಆದರೆ ಹಳ್ಳಿಯಿಂದ ಧಾನ್ಯ ಎತ್ತುವಳಿ ನಿಲ್ಲಲಿಲ್ಲ, ಎರಡೂ ವರ್ಷ ಧಾನ್ಯ ಹೊರದೇಶಕ್ಕೆ ರಫ್ತಾಯಿತು. 1932ರ ಆಗಸ್ಟ್ 7ರ ಕಾನೂನು ಸಾಮೂಹಿಕ ಹೊಲದ ಕಳವಿಗೆ ಗುಂಡಿಕ್ಕುವ ಶಿಕ್ಷೆ ಇಟ್ಟಿತು, ವಿನಾಯಿತಿ ಸಿಕ್ಕರೆ ಹತ್ತು ವರ್ಷ ಸೆರೆ. ಕೊಯ್ಲಾದ ಹೊಲದಲ್ಲಿ ಹಕ್ಕಲು ಆಯುವವರ ಮೇಲೂ ಅದೇ ಕಾನೂನು ಬಿತ್ತು, ಜನ ಅದನ್ನು ‘ತೆನೆ ಕಾನೂನು’ ಎಂದೇ ಕರೆದರು. ನಮ್ಮ ಗದ್ದೆಗಳಲ್ಲಿ ಹಕ್ಕಲು ಎಂದರೆ ಬಡವರಿಗೆ, ಹಕ್ಕಿಗಳಿಗೆ ಬಿಟ್ಟದ್ದು. ಆ ಪದವನ್ನು ಆ ಕಾನೂನಿನ ಪಕ್ಕ ಬರೆಯುವಾಗ ನನ್ನ ಕೈ ನಡುಗಿತು. ಡಿಸೆಂಬರಿನಲ್ಲಿ, ಪಟ್ಟಣದಲ್ಲಿ ನೆಲೆಸಲು ಬೇಕಾದ ಒಳನಾಡಿನ ಪಾಸ್‌ಪೋರ್ಟ್ ಬಂತು, ಹಳ್ಳಿಯ ರೈತರಿಗೆ ಅದನ್ನು ಕೊಡಲಿಲ್ಲ. 1933ರ ಜನವರಿಯಲ್ಲಿ ಉಕ್ರೇನ್ ಮತ್ತು ಕುಬಾನಿನ ರೈತರು ಊರು ಬಿಟ್ಟು ಹೋಗದಂತೆ ಆಜ್ಞೆ ಹೊರಟಿತು. ಗುಳೆ ಹೋಗುವ ದಾರಿಯನ್ನೂ ಮುಚ್ಚಿದ ಮೇಲೆ ಅದನ್ನು ‘ಬರ’ ಎನ್ನುವುದು ಸುಳ್ಳಾಗುತ್ತದೆ.

ಇದಕ್ಕೆ ಒಂದು ಒಳ್ಳೆಯ ಆಕ್ಷೇಪ ಇದೆ, ಅದನ್ನು ತಳ್ಳಿಹಾಕಲು ಆಗದು. ಜನಪದದ ‘ಬರ’ ಪತ್ರಿಕೆಯ ‘ಬರ’ಕ್ಕಿಂತ ಹಿರಿದು. ಧಾತು, ಈಶ್ವರ ಸಂವತ್ಸರಗಳ ಬರ ಎಂದು ಹಳೆ ಮೈಸೂರಿನವರು 1876–78ನ್ನು ನೆನೆಯುವಾಗ ಅದರಲ್ಲಿ ಸಾವೂ ಸೇರಿಯೇ ಇತ್ತು. ತೆಲುಗಿನ ‘ಕರುವು’, ಮರಾಠಿಯ ‘ದುಷ್ಕಾಳ’ ಇಂದಿಗೂ ಎರಡನ್ನೂ ಹೊರುತ್ತವೆ. ಹಾಗಾದರೆ ಬರ ಎಂದರೇನು ತಪ್ಪು ಎಂದು ಹಿರಿಯರು ಕೇಳಿದರು. ನನ್ನ ಉತ್ತರ: ಆ ಬರಗಳನ್ನೂ ಇಂದು ಬರೆಯುವಾಗ ಕ್ಷಾಮ ಎಂದೇ ಬರೆಯಬೇಕು. 1943ರಲ್ಲಿ ಬಂಗಾಳದಲ್ಲಿ ಸುಮಾರು 30 ಲಕ್ಷ ಜನ ಸತ್ತದ್ದು ಮಳೆಯ ದೋಷದಿಂದಲ್ಲ. ಯುದ್ಧಕಾಲದ ಬೆಲೆ ಏರಿಕೆ ಮತ್ತು ಬ್ರಿಟಿಷ್ ಆಡಳಿತದ ನಿರ್ದಯೆ ಕೂಡಿ ಕೊಂದವು. ಅದನ್ನು ‘ಬಂಗಾಳದ ಬರ’ ಎಂದು ಬರೆದರೆ ಬ್ರಿಟಿಷರು ಪಾರು, ಉಕ್ರೇನಿನದ್ದನ್ನು ಬರ ಎಂದರೆ ಸ್ಟಾಲಿನ್ ಪಾರು. ಒಂದಕ್ಕೆ ಒಂದು ಅಳತೆ, ಇನ್ನೊಂದಕ್ಕೆ ಇನ್ನೊಂದು ಅಳತೆ ಹಿಡಿಯುವುದು ಬೇಡ.

ಈ ಪದದ ಜಗಳ ನಮ್ಮೂರಲ್ಲೇ ಮೊದಲಾದದ್ದಲ್ಲ. ಅಂದು ಸೋವಿಯತ್ ಪತ್ರಿಕೆಗಳಲ್ಲಿ ಕ್ಷಾಮ ಎಂಬ ಪದಕ್ಕೇ ಎಡೆ ಇರಲಿಲ್ಲ. ಗಾರೆತ್ ಜೋನ್ಸ್ ಎಂಬ ತರುಣ ವರದಿಗಾರ ಉಕ್ರೇನಿನ ಹಳ್ಳಿಗಳನ್ನು ನಡೆದು ನೋಡಿ 1933ರ ಮಾರ್ಚ್‌ನಲ್ಲಿ ಕ್ಷಾಮ ಎಂದು ಹೇಳಿದ. ಎರಡೇ ದಿನದಲ್ಲಿ, ಮಾಸ್ಕೋದಲ್ಲಿದ್ದ ವರದಿಗಾರ ವಾಲ್ಟರ್ ಡ್ಯುರಾಂಟಿ ನ್ಯೂಯಾರ್ಕ್ ಟೈಮ್ಸಿನಲ್ಲಿ, ರಷ್ಯನ್ನರು ಹಸಿದಿದ್ದಾರೆ, ಆದರೆ ಉಪವಾಸ ಸಾಯುತ್ತಿಲ್ಲ ಎಂದು ಬರೆದ. ಚೀನದಲ್ಲಿ 1959–61ರ ಮಹಾಮಾರಣಕ್ಕೆ, ಅಂದಾಜುಗಳು 1.5 ಕೋಟಿಯಿಂದ 4.5 ಕೋಟಿಯವರೆಗೆ ಹೋಗುವ ಆ ಸಾವಿಗೆ, ಸರಕಾರ ಇಟ್ಟ ಹೆಸರು ‘ಮೂರು ವರ್ಷಗಳ ನೈಸರ್ಗಿಕ ವಿಪತ್ತು’. 1962ರ ಜನವರಿಯಲ್ಲಿ ಲಿಯು ಶಾವೋಚಿ ಪಕ್ಷದ ದೊಡ್ಡ ಸಭೆಯಲ್ಲೇ ಎದ್ದು, ಮೂರು ಪಾಲು ನಿಸರ್ಗ, ಏಳು ಪಾಲು ಮನುಷ್ಯ ಎಂಬ ಹಳ್ಳಿಗರ ಮಾತನ್ನು ಮುಂದಿಟ್ಟರು. ದೇಶದ ಅಧ್ಯಕ್ಷರಾಗಿದ್ದ ಅವರು ಸಾಂಸ್ಕೃತಿಕ ಕ್ರಾಂತಿಯ ಕಾಲದಲ್ಲಿ ಸೆರೆಯಲ್ಲಿ ಸತ್ತರು.

ಇಲ್ಲಿಗೆ ಬಂದಾಗ ನಮ್ಮ ಗೋಷ್ಠಿಯ ವಿಷಯ ಎರಡು ಅಧ್ಯಾಯವಾಗಿ ನಿಲ್ಲುವುದಿಲ್ಲ ಎಂದು ನನಗೆ ಖಚಿತವಾಯಿತು. ‘ಆರ್ಥಿಕವಾಗಿ ಇಷ್ಟು ಸಾಧನೆ, ಪ್ರಜಾಪ್ರಭುತ್ವದಲ್ಲಿ ಸ್ವಲ್ಪ ಹಿಂದೆ’ ಎಂದು ಅಂಕಪಟ್ಟಿ ಬರೆಯುವ ಕ್ರಮ ನಮ್ಮಲ್ಲಿ ರೂಢಿ. ಕ್ಷಾಮದ ಮುಂದೆ ಆ ಪಟ್ಟಿ ನಿಲ್ಲದು. 1937ರ ಜನವರಿಯ ಸೋವಿಯತ್ ಜನಗಣತಿಯನ್ನು ನೋಡಿ. ಮೂರು ವರ್ಷ ಹಿಂದೆಯೇ ಸ್ಟಾಲಿನ್ 16.8 ಕೋಟಿ ಜನ ಎಂದು ಸಾರಿದ್ದರು. ಎಣಿಸಿದಾಗ ಸಿಕ್ಕಿದ್ದು ಸುಮಾರು 16.2 ಕೋಟಿ. ಕ್ಷಾಮದ ಸಾವು ಅದರಲ್ಲಿ ಬಯಲಾಗುತ್ತಿತ್ತು. ಸರಕಾರ ಗಣತಿಯನ್ನೇ ರದ್ದು ಮಾಡಿತು, ಎಣಿಸಿದ ಸಂಖ್ಯಾಶಾಸ್ತ್ರಜ್ಞರನ್ನು ಬಂಧಿಸಿತು, ಕೆಲವರನ್ನು ಗುಂಡಿಟ್ಟು ಕೊಂದಿತು. ಯೋಜನೆಯ ಮೇಲೆ ನಿಂತ ಅರ್ಥವ್ಯವಸ್ಥೆ ತನ್ನ ಲೆಕ್ಕ ಬರೆದವರನ್ನೇ ಕೊಂದರೆ ಮುಂದಿನ ಯೋಜನೆಗೆ ಅಂಕಿ ಎಲ್ಲಿಂದ ಬರಬೇಕು? ಸ್ವತಂತ್ರ ಪತ್ರಿಕೆ, ವಿರೋಧಪಕ್ಷ ಇರುವ ಪ್ರಜಾಪ್ರಭುತ್ವದಲ್ಲಿ ದೊಡ್ಡ ಕ್ಷಾಮ ಆಗಿಲ್ಲ ಎಂದು ಅಮರ್ತ್ಯ ಸೇನ್ ಹೇಳುವುದು ಇದನ್ನೇ. ಅದೇ ಸೇನ್, ಇನ್ನೊಬ್ಬ ಅರ್ಥಶಾಸ್ತ್ರಜ್ಞ ಜಾನ್ ಡ್ರೆಜ್ ಜತೆ ಸೇರಿ, ಭಾರತವನ್ನೂ ಬಿಡಲಿಲ್ಲ. ಆರೋಗ್ಯದಲ್ಲಿ ಚೀನಕ್ಕಿಂತ ಹಿಂದೆ ಉಳಿದಿದ್ದ ಭಾರತದಲ್ಲಿ ಸದ್ದಿಲ್ಲದೆ ಆಗುತ್ತಿದ್ದ ಹೆಚ್ಚುವರಿ ಸಾವು ಎಂಟೆಂಟು ವರ್ಷಕ್ಕೊಮ್ಮೆ ಆ ಚೀನೀ ಕ್ಷಾಮದ ಸಾವನ್ನೂ ಮೀರುತ್ತಿತ್ತು ಎಂದು ಅವರು 1989ರಲ್ಲಿ ತೋರಿಸಿದರು. ಈ ಸದ್ದಿಲ್ಲದ ಸಾವಿಗೆ ಕನ್ನಡದಲ್ಲಿ ಪದವೇ ಇಲ್ಲ, ‘ಅಪೌಷ್ಟಿಕತೆ’ ಎಂಬ ಆಸ್ಪತ್ರೆಯ ಮಾತು ಬಿಟ್ಟರೆ. ಇದನ್ನೂ ಬಲ್ಲವರು ಯೋಚಿಸಬೇಕು.

ನಮ್ಮ ಜಿಲ್ಲೆಯವರಿಗೆ ಇದು ಬರಿಯ ದೂರದ ದೇಶದ ಸುದ್ದಿಯಲ್ಲ. 1957ರಲ್ಲಿ ಕೇರಳದ ಮೊದಲ ಕಮ್ಯುನಿಸ್ಟ್ ಸರಕಾರದ ಮುಖ್ಯಮಂತ್ರಿಯಾದ ಇ.ಎಂ.ಎಸ್. ನಂಬೂದಿರಿಪಾಡ್ ಗೆದ್ದದ್ದು ಈಗ ಕಾಸರಗೋಡು ಜಿಲ್ಲೆಯಲ್ಲಿರುವ ನೀಲೇಶ್ವರದಿಂದ, ಅದೇ ಪಕ್ಷದ ನಾಯಕ ಎ.ಕೆ. ಗೋಪಾಲನ್ (ಎ.ಕೆ.ಜಿ.) ಲೋಕಸಭೆಗೆ ಹೋದದ್ದು ಕಾಸರಗೋಡಿನಿಂದ. ಆ ಸರಕಾರವನ್ನು 1959ರಲ್ಲಿ ಕೇಂದ್ರ ವಜಾ ಮಾಡಿತು, 1960ರಲ್ಲಿ ಪಕ್ಷ ಚುನಾವಣೆ ಸೋತಿತು, 1967ರಲ್ಲಿ ಇ.ಎಂ.ಎಸ್. ಮತ್ತೆ ಗೆದ್ದು ಬಂದರು. ಮೂಲಗೇಣಿ, ಚಾಲಗೇಣಿಯ ಒಕ್ಕಲುಗಳಿಗೆ 1970ರ ಜನವರಿ 1ರಿಂದ ಜಾರಿಯಾದ ಕಾನೂನಿನಲ್ಲಿ ನೆಲ ಸಿಕ್ಕಿತು. ಹಾಗಾಗಿ ಇಲ್ಲಿಯ ಹಿರಿಯರ ಮನಸ್ಸಿನಲ್ಲಿ ಕಮ್ಯುನಿಸ್ಟರೆಂದರೆ ಒಕ್ಕಲಿಗೆ ನೆಲ ಕೊಟ್ಟವರು, ಓಟಿನಿಂದ ಬಂದು ಓಟಿನಿಂದ ಹೋಗುವವರು. ಅದೇ ಚಿತ್ರವನ್ನು ಸೋವಿಯತ್ತಿನ ಮೇಲೆ ಹೊದಿಸಿಬಿಡುತ್ತಾರೆ. ಅಲ್ಲಿ 1917ರಲ್ಲಿ ಉಳುವವರ ಕೈಗೆ ಬಂದ ನೆಲ 1929ರಿಂದಾಚೆ ಮತ್ತೆ ಕೈತಪ್ಪಿತು. ಓಟಿನ ಕಾಗದದಲ್ಲಿ ಒಂದೇ ಹೆಸರು ಇರುತ್ತಿತ್ತು, ದೇಶಮಟ್ಟದ ಚುನಾವಣೆಯಲ್ಲಿ ಒಂದಕ್ಕಿಂತ ಹೆಚ್ಚು ಹೆಸರು ಕಂಡದ್ದು 1989ರಲ್ಲಿ, ಅದೂ ಎಲ್ಲ ಕಡೆ ಅಲ್ಲ.

ಇದಕ್ಕೆ ಸೇರಿದ ಇನ್ನೊಂದು ಸಣ್ಣ ಪ್ರಶ್ನೆ. ಸೋವಿಯತ್ತಿನ ಸಾಮೂಹಿಕ ಹೊಲವಾದ ‘ಕೊಲ್ಖೋಜ್’ಗೆ ಹಳೆಯ ಕನ್ನಡ ಅನುವಾದಗಳಲ್ಲಿ ಸಹಕಾರಿ ಬೇಸಾಯ, ಸಾಮೂಹಿಕ ಬೇಸಾಯ ಎಂದೆಲ್ಲ ಕಾಣುತ್ತದೆ. ಅಡಕೆ ಬೆಳೆಗಾರರಿಗೆ ಸಹಕಾರಿ ಎಂದರೆ 1973ರ ಕ್ಯಾಂಪ್ಕೊ. ಸದಸ್ಯನಾಗಬಹುದು, ಬಿಡಬಹುದು, ಬೇಕಿದ್ದರೆ ಅಡಕೆಯನ್ನು ಪೇಟೆಯ ವ್ಯಾಪಾರಿಗೂ ಕೊಡಬಹುದು. ಕೊಲ್ಖೋಜಿನ ರೈತನಿಗೆ ಪಾಸ್‌ಪೋರ್ಟಿನ ಹಕ್ಕು ಬಂದದ್ದೇ 1974ರಲ್ಲಿ. ‘ಕೂಡುಬೇಸಾಯ’ ಚೆಂದದ ಪದ, ಆದರೆ ಅದರಲ್ಲಿ ಒಪ್ಪಿ ಕೂಡಿದ್ದು ಎಂಬ ಅರ್ಥ ಇದೆ, ಅದನ್ನು ಕೇರಳದ ಕುಟುಂಬಶ್ರೀ ಸ್ವಸಹಾಯ ಸಂಘಗಳ ಹೆಂಗಸರು ಗದ್ದೆ ಹಿಡಿದು ಮಾಡುವ ‘ಸಂಘಕೃಷಿ’ಗೆ ಮೀಸಲಿಡೋಣ. ಕೊಲ್ಖೋಜನ್ನು ಕೊಲ್ಖೋಜ್ ಎಂದೇ ಬಿಡುತ್ತೇನೆ.

ಸದ್ಯ ನನ್ನ ಟಿಪ್ಪಣಿಯಲ್ಲಿರುವುದು ಹೀಗೆ. ಮಳೆ ಬಾರದ್ದು ಬರ, ಅಂಗಡಿಯಲ್ಲಿ ಸಾಲದ್ದು ಕೊರತೆ, ಆಳುವವರ ಕೈಯಿಂದಾದ ಸಾಮೂಹಿಕ ಸಾವು ಕ್ಷಾಮ. ಆದರೆ ನಮ್ಮ ಮಲಯಾಳ ಕಲಿತ ಮಕ್ಕಳು ‘ಕ್ಷಾಮ’ ಓದಿದಾಗ ಕ್ಷಾಮಬತ್ತ, ಕುಡಿನೀರಿನ ಕ್ಷಾಮವನ್ನೇ ನೆನೆಯುತ್ತಾರೆ ಎಂಬ ಭಯ ಹಾಗೇ ಇದೆ. ಅವರಿಗಾಗಿ ‘ಹಸಿವಿನ ಸಾವು’ ಎಂದು ಬಿಡಿಸಿ ಬರೆಯಲೇ, ‘ಮಾರಣಕ್ಷಾಮ’ ಎಂಬಂಥ ಹೊಸ ಜೋಡುಪದ ಕಟ್ಟಲೇ? ಆಂಧ್ರದ ಮಡಕಶಿರಾ, ತಮಿಳುನಾಡಿನ ಹೊಸೂರು, ಮಹಾರಾಷ್ಟ್ರದ ಅಕ್ಕಲಕೋಟೆ ಕಡೆಯ ಕನ್ನಡಿಗರು ದಯವಿಟ್ಟು ತಿಳಿಸಿ. ತೆಲುಗಿನಲ್ಲಿ ತುಟ್ಟಿಭತ್ಯೆಗೆ ‘ಕರುವು ಭತ್ಯಂ’ ಎನ್ನುತ್ತಾರೆ, ತಮಿಳಿನಲ್ಲಿ ನೀರಿನ ಕೊರತೆಗೂ ‘ಪಂಜಂ’ ಸಲ್ಲುತ್ತದೆ. ಹಾಗಿರುವಾಗ ನಿಮ್ಮಲ್ಲಿ ಕನ್ನಡ ಮಾತಾಡುವವರ ಬಾಯಲ್ಲಿ ಬರ, ಕ್ಷಾಮಗಳ ಗೆರೆ ಉಳಿದಿದೆಯೇ, ಅಳಿಸಿದೆಯೇ? ಮನೆಯ ಹಿರಿಯರು ಹಸಿವಿನ ಸಾವಿಗೆ ಬಳಸುತ್ತಿದ್ದ ಬೇರೆ ಪದ ಯಾವುದಾದರೂ ಇದ್ದರೆ, ಅದನ್ನು ಬಳಸಿದ ಒಂದು ವಾಕ್ಯದ ಸಮೇತ ಬರೆಯಿರಿ. ಟಿಪ್ಪಣಿ ಅಚ್ಚಿಗೆ ಹೋಗುವುದು ಮುಂದಿನ ತಿಂಗಳು.