ಅಂಬಾಸಿಡರ್ ಕ್ಯಾಮ್‌ಶಾಫ್ಟ್ ಸವೆದಿದೆಯಂತೆ, ಹಳೇ ಟ್ಯಾಪೆಟ್ ನಡೆಯುತ್ತಾ?

ಕುವೆಂಪುನಗರ_ಮಾರ್ಕ್‌ಫೋರ್:
ಅಪ್ಪ ಕೊಂಡ 1984ರ ಅಂಬಾಸಿಡರ್, 1489 ಸಿಸಿ ಪೆಟ್ರೋಲ್. ಚಾಮುಂಡಿ ಬೆಟ್ಟ ಹತ್ತುವಾಗ ಎಳೆಯುವುದೇ ಇಲ್ಲ. ಕಾರ್ಬ್ಯುರೇಟರಿನಿಂದ ಪಟ್ ಪಟ್ ಅಂತ ಸಿಡಿಯುತ್ತದೆ. ಪಾಯಿಂಟ್, ಪ್ಲಗ್, ಟೈಮಿಂಗ್ ಎಲ್ಲ ನೋಡಿ ಆಯ್ತು. ಕಂಪ್ರೆಷನ್ ನಾಲ್ಕೂ ಸಿಲಿಂಡರಿನಲ್ಲಿ ಹೆಚ್ಚುಕಡಿಮೆ ಒಂದೇ. ಟ್ಯಾಪೆಟ್ ಗ್ಯಾಪ್ ಎರಡು ಸಲ ಸೆಟ್ ಮಾಡಿಸಿದೆ. ಈಗ ಮೆಕ್ಯಾನಿಕ್ "ಕ್ಯಾಮ್ ತಿಂದಿದೆ, ಶಾಫ್ಟ್ ಹೊಸದು ಹಾಕೋಣ, ಟ್ಯಾಪೆಟ್ ಹಳೇದೇ ಸಾಕು" ಅಂತಾರೆ. ಶಾಫ್ಟಿನ ಮೇಲಿನ ಉಬ್ಬು, ಅಂದರೆ ಕ್ಯಾಮ್, ಟ್ಯಾಪೆಟ್ ತಳ್ಳಿದಾಗಲೇ ವಾಲ್ವ್ ತೆರೆಯುವುದು ಅಂತ ಗೊತ್ತು. ಆದರೆ ಗ್ಯಾಪ್ ಸರಿಯಾಗಿದ್ದ ಮೇಲೆ ಕ್ಯಾಮ್ ಹೇಗೆ ಸವೆದಿರುತ್ತದೆ?

ಮಂಡ್ಯ_ಹಳೇಗಾಡಿ:
ಹಳೇ ಟ್ಯಾಪೆಟ್ ಮಾತ್ರ ಹಾಕಿಸಬೇಡಿ ಸಾರ್. ನಾನು ಹಾಕಿಸಿದ್ದೆ, ಹೊಸ ಕ್ಯಾಮ್ ಎರಡೇ ತಿಂಗಳಿಗೆ ಹೋಯಿತು. ಆ ನೋವು ಇನ್ನೂ ಇದೆ.

ಗ್ಯಾಪ್ ಅಳೆಯುವ ಫೀಲರ್ ಗೇಜ್ ಹಾಕುವುದು ಟ್ಯಾಪೆಟ್ ಕ್ಯಾಮಿನ ದುಂಡು ಬೆನ್ನಿನ ಮೇಲೆ ಕೂತಾಗ. ಸವೆಯುವುದು ಮೂಗು, ಅಂದರೆ ಉಬ್ಬಿನ ತುದಿ. ಅದಕ್ಕೇ ಗ್ಯಾಪ್ ಸರಿ ಕಾಣುತ್ತದೆ, ವಾಲ್ವ್ ಮಾತ್ರ ಪೂರ್ತಿ ತೆರೆಯುವುದಿಲ್ಲ. ಎಕ್ಸಾಸ್ಟ್ ಸರಿಯಾಗಿ ತೆರೆಯದಿದ್ದರೆ ಸುಟ್ಟ ಗ್ಯಾಸ್ ಒಳಗೇ ಉಳಿದು, ಇನ್ಲೆಟ್ ತೆರೆದ ಕೂಡಲೇ ಕಾರ್ಬ್ಯುರೇಟರ್ ಕಡೆ ನುಗ್ಗುತ್ತದೆ. ನಿಮ್ಮ ಪಟ್ ಪಟ್ ಅದೇ ಇರಬೇಕು.

ಬಿಚ್ಚುವ ಮೊದಲು ಮೇಲಿನ ಕವರ್ ತೆಗೆದು ವಾಲ್ವ್ ಒತ್ತುವ ರಾಕರಿನ ವಾಲ್ವ್ ಕಡೆ, ಚಲನೆ ಅಳೆಯುವ ಡಯಲ್ ಗೇಜ್ ಇಡಿಸಿ. ಪ್ಲಗ್ ತೆಗೆದು ಇಂಜಿನ್ ಕೈಯಲ್ಲಿ ತಿರುಗಿಸಿ. ನಾಲ್ಕು ಎಕ್ಸಾಸ್ಟ್‌ನಲ್ಲಿ ಒಂದು ಕಡಿಮೆ ಎದ್ದರೆ ಅದೇ ಕಳ್ಳ. ಆಮೇಲೆ ಮ್ಯಾನಿಫೋಲ್ಡ್ ಇಳಿಸಿದರೆ ಬ್ಲಾಕಿನ ಪಕ್ಕ ಎರಡು ತಗಡಿನ ಮುಚ್ಚಳ ಇವೆ. ಟ್ಯಾಪೆಟ್ ಮೇಲಿನ ಪುಷ್ ರಾಡ್ ಎತ್ತಿ, ಅಲ್ಲಿಂದ ಟ್ಯಾಪೆಟ್ ಈಚೆ ತೆಗೆಯಬಹುದು. ಹೊಸ ಟ್ಯಾಪೆಟ್ ತಳ ಕಣ್ಣಿಗೆ ಕಾಣದಷ್ಟು ಉಬ್ಬಿರುತ್ತದೆ. ಸವೆದದ್ದು ತಟ್ಟೆಯ ಹಾಗೆ ಒಳಗೆ ಹೋಗಿರುತ್ತದೆ. ಅಂಥದ್ದು ಹೊಸ ಕ್ಯಾಮಿನ ಮೇಲೆ ಕೂತರೆ ತಿರುಗದೆ ಒಂದೇ ಕಡೆ ಉಜ್ಜುತ್ತದೆ. ಎಂಟೂ ಹೊಸದೇ ಹಾಕಿ.

ಬನ್ನಿಮಂಟಪ_ಲೇತ್:
ಸರಿಯಾಗಿ ಹೇಳಿದ್ರಿ. ಶಾಫ್ಟ್ ಈಚೆ ಬರಬೇಕಾದರೆ ಆಯಿಲ್ ಪಂಪ್ ಇಳಿಸಲೇಬೇಕು, ಹಾಗಾಗಿ ಸಂಪ್ (ಇಂಜಿನ್ ತಳದ ಆಯಿಲ್ ತೊಟ್ಟಿ) ಹೇಗೂ ಬಿಚ್ಚುತ್ತೀರಿ. ಅದರಲ್ಲಿರುವ ಕಬ್ಬಿಣದ ಪುಡಿ ಪೂರ್ತಿ ತೊಳೆಸಿ. ಜೋಡಿಸುವಾಗ ಲೋಬಿಗೆ (ಕ್ಯಾಮಿನ ಉಬ್ಬಿಗೆ) ಮಾಲಿಬ್ಡಿನಮ್ ಪೇಸ್ಟ್ ಬಳಿಯಿರಿ. ಸ್ಟಾರ್ಟ್ ಆದ ಮೇಲೆ ಐಡಲ್‌ನಲ್ಲಿ ಬಿಡಬೇಡಿ. 20 ನಿಮಿಷ 2000 ಆರ್‌ಪಿಎಮ್ ಮೇಲೇ ಓಡಿಸಿ. ಕ್ರ್ಯಾಂಕ್ ಎರಚುವ ಆಯಿಲೇ ಕ್ಯಾಮಿಗೆ ಆಧಾರ, ನಿಧಾನ ತಿರುಗಿದರೆ ಸಾಲದು.

ಕುವೆಂಪುನಗರ_ಮಾರ್ಕ್‌ಫೋರ್:
ಭಾನುವಾರ ಬಿಚ್ಚಿಸಿದೆ. ಮೂರನೇ ಸಿಲಿಂಡರಿನ ಎಕ್ಸಾಸ್ಟ್! ಟ್ಯಾಪೆಟ್ ತಳಕ್ಕೆ ಸ್ಟೀಲ್ ಸ್ಕೇಲ್ ಇಟ್ಟು ಕಿಟಕಿ ಕಡೆ ಹಿಡಿದರೆ ನಡುವೆ ಬೆಳಕು ಕಾಣುತ್ತದೆ. ಮೆಕ್ಯಾನಿಕ್‌ಗೂ ತೋರಿಸಿದೆ, ಒಪ್ಪಿಕೊಂಡರು. ಎಂಟೂ ಹೊಸದು ಹೇಳಿದ್ದೇನೆ. ಇಬ್ಬರಿಗೂ ತುಂಬಾ ಥ್ಯಾಂಕ್ಸ್.